ಕೈಬದಲಾಗುವ ಭೂಮಿ, ಕಾಣದೆ ಉಳಿಯುವ ಹಕ್ಕು

(ಜೇವರ್ಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ದತ್ತಿ ಉಪನ್ಯಾಸಕ್ಕೆ ಆಸ್ತಿ ಹಸ್ತಾಂತರದಷ್ಟು ಹತ್ತಿರದ ವಿಷಯ ಇನ್ನೊಂದಿಲ್ಲ. ದತ್ತಿಯೇ ಒಂದು ಹಸ್ತಾಂತರ. ದಾನಿ ತಮ್ಮ ದುಡಿಮೆಯ ಹಣವನ್ನು ಸಂಸ್ಥೆಯ ಕೈಗೆ ಒಪ್ಪಿಸುತ್ತಾರೆ, ಜೊತೆಗೆ ಒಂದು ಕರಾರನ್ನೂ ಹಾಕುತ್ತಾರೆ: ಅಸಲು ಮುಟ್ಟಬಾರದು, ಬಡ್ಡಿಯಲ್ಲಷ್ಟೇ ಕಾರ್ಯಕ್ರಮ ನಡೆಯಬೇಕು. ಆ ಕರಾರು ಇಲ್ಲದಿದ್ದರೆ ಹಣ ಯಾವುದೋ ತುರ್ತಿಗೆ ಖರ್ಚಾಗಿ, ದಾನಿಯ ಹೆಸರಿನ ಜೊತೆಗೆ ಉದ್ದೇಶವೂ ಅಳಿದುಹೋಗುತ್ತಿತ್ತು. ನಮ್ಮ ಆಸ್ತಿ ಹಸ್ತಾಂತರ ಕಾಯ್ದೆಯೂ ಈ ಭೇದವನ್ನು ಬಲ್ಲದು. ಖಾಸಗಿ ವ್ಯವಹಾರದಲ್ಲಿ ಕೊಂಡವನು ಎಂದೆಂದೂ ಯಾರಿಗೂ ಪರಭಾರೆ ಮಾಡಕೂಡದು ಎಂಬ ಷರತ್ತು 10ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಸಾರ್ವಜನಿಕ ಹಿತಕ್ಕಾಗಿ ಕೊಟ್ಟ ಆಸ್ತಿಯನ್ನಾದರೆ ತಲೆಮಾರುಗಳಾಚೆಗೂ ಕಟ್ಟಿಡಲು 18ನೇ ಕಲಂ ಎಡೆಮಾಡಿಕೊಡುತ್ತದೆ. ಮಿತಿ ಎಂದರೆ ಹಕ್ಕಿಗೆ ಹಾಕಿದ ಬೇಲಿ ಎಂದಷ್ಟೇ ತಿಳಿಯುವ ರೂಢಿ ನಮ್ಮಲ್ಲಿದೆ. ಯಾರ ಹಕ್ಕಿಗಾಗಿ ಆ ಮಿತಿ ಬಂತು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆ ಈ ಸೀಮೆಯಲ್ಲಿ ಬರೀ ಶಾಸ್ತ್ರಚರ್ಚೆಯಲ್ಲ. ಭೀಮೆಯ ದಂಡೆಯ ಕಪ್ಪು ಎರೆಮಣ್ಣು, ಅದರಲ್ಲಿ ಬೆಳೆಯುವ ತೊಗರಿ, ಇವೇ ನಮ್ಮ ಬದುಕಿನ ಬಂಡವಾಳ. ನಾರಾಯಣಪುರ ಎಡದಂಡೆಯ ಜೇವರ್ಗಿ ಶಾಖಾ ಕಾಲುವೆ ಬಂದ ಮೇಲೆ, ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಆದ ಮೇಲೆ, ಹೊಲಕ್ಕೆ ಬೆಳೆಯ ಬೆಲೆಯ ಮೇಲೆ ಜಾಗದ ಬೆಲೆಯೂ ಸೇರಿಕೊಂಡಿದೆ. ಬೆಲೆ ಏರಿದಲ್ಲಿ ಖರೀದಿ ಹೆಚ್ಚುತ್ತದೆ, ಖರೀದಿ ಹೆಚ್ಚಿದಲ್ಲಿ ತಕರಾರೂ ಹೆಚ್ಚುತ್ತದೆ. ಹೀಗಿರುವಾಗ ಎರಡು ಮಾತು ಎಲ್ಲೆಡೆ ಕೇಳುತ್ತವೆ. ಒಂದು, ಮಾಲೀಕನ ಕೈ ಕಟ್ಟುವ ಕಾನೂನುಗಳು ಅತಿಯಾಗಿವೆ, ತೆಗೆದುಹಾಕಿ ಎಂಬುದು. ಇನ್ನೊಂದು, ಬಡವರ ಭೂಮಿ ಕೈತಪ್ಪುತ್ತಿದೆ, ಕಾನೂನನ್ನು ಇನ್ನೂ ಬಿಗಿ ಮಾಡಿ ಎಂಬುದು. ನನ್ನ ವಾದ ಇವೆರಡಕ್ಕಿಂತ ಬೇರೆ. ಹಸ್ತಾಂತರದ ಮೇಲಿನ ಮುಖ್ಯ ಮಿತಿಗಳು ನ್ಯಾಯವಾದವು, ಒಂದೊಂದರ ಹಿಂದೆಯೂ ನಿಜವಾಗಿ ನಡೆದ ಒಂದು ನಷ್ಟವಿದೆ. ಅವು ಎಡವುತ್ತಿರುವುದು ಕಠಿಣವಾಗಿರುವುದರಿಂದಲ್ಲ, ತಡವಾಗಿ ತಿಳಿಯುವುದರಿಂದ. ರಜಿಸ್ಟ್ರಿಗೆ ಮೊದಲು ಎಲ್ಲರಿಗೂ ಕಾಣಬೇಕಾದ ಮಿತಿ ಇಪ್ಪತ್ತು ವರ್ಷಗಳ ನಂತರ ಕೋರ್ಟಿನಲ್ಲಿ ಕಂಡರೆ ಮಾರಿದವನೂ ಉಳಿಯುವುದಿಲ್ಲ, ಕೊಂಡವನೂ ಉಳಿಯುವುದಿಲ್ಲ.

ಮೊದಲು ಕಾನೂನಿನ ತಳಹದಿ ನೋಡೋಣ. 1882ರ ಆಸ್ತಿ ಹಸ್ತಾಂತರ ಕಾಯ್ದೆಯ ಬುಡದಲ್ಲಿರುವ ತತ್ವ ಸರಳ: ಯಾರಿಗೆ ಎಷ್ಟು ಹಕ್ಕಿದೆಯೋ ಅಷ್ಟನ್ನೇ ಅವರು ಕೊಡಬಲ್ಲರು. ನೂರು ರೂಪಾಯಿ ಅಥವಾ ಅದಕ್ಕೂ ಮೇಲಿನ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರವೇ ಬೇಕು ಎಂದು 54ನೇ ಕಲಂ ಹೇಳುತ್ತದೆ, ಬರೀ ಖರೀದಿ ಕರಾರಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದೂ ಹೇಳುತ್ತದೆ. ಇಸಾರು ಕೊಟ್ಟು, ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು, ಕಬ್ಜಾ ಪಡೆದು ನಿಶ್ಚಿಂತರಾಗುವವರು ಈ ಒಂದು ಮಾತನ್ನು ನೆನಪಿಡಬೇಕು. ಮುಖ್ತಿಯಾರು ಪತ್ರ ಬರೆಸಿಕೊಂಡು ಮಾಲೀಕನಾದೆ ಎಂದು ತಿಳಿದವರಿಗೂ ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಅದರಿಂದ ಒಡೆತನ ಬರುವುದಿಲ್ಲ ಎಂದು ಖಚಿತವಾಗಿ ಹೇಳಿದೆ. ವ್ಯಾಜ್ಯ ನಡೆಯುತ್ತಿರುವ ಆಸ್ತಿಯನ್ನು ಕೊಂಡವನು ಆ ವ್ಯಾಜ್ಯದ ತೀರ್ಪಿಗೆ ಕಟ್ಟುಬೀಳುತ್ತಾನೆ, ಇದು 52ನೇ ಕಲಂ. ಸಾಲ ಕೊಟ್ಟವರಿಗೆ ಸಿಗದಂತೆ ಮಾಡಲು ಹೆಂಡತಿ ಮಕ್ಕಳ ಹೆಸರಿಗೆ ಬರೆದಿಟ್ಟರೆ ಆ ಸಾಲ ಕೊಟ್ಟವರು ಅದನ್ನು ರದ್ದು ಮಾಡಿಸಬಹುದು, ಇದು 53. ಮುಂದೆ ವಾರಸಾ ಬಂದೀತು ಎಂಬ ಬರೀ ನಿರೀಕ್ಷೆಯನ್ನು ಮಾರಲಾಗದು, ಬಿಟ್ಟುಕೊಡಲೂ ಆಗದು, ಇದು 6ನೇ ಕಲಂ. ಇವುಗಳಲ್ಲಿ ಹೆಚ್ಚಿನವು ಪತ್ರದಲ್ಲಿ ಸಹಿ ಮಾಡುವ ಇಬ್ಬರನ್ನು ಬಿಟ್ಟು ಮೂರನೆಯವರೊಬ್ಬರನ್ನು ಕಾಯುತ್ತವೆ: ವ್ಯಾಜ್ಯ ಹೂಡಿದವನು, ಸಾಲ ಕೊಟ್ಟವನು, ಹಕ್ಕಿದ್ದೂ ಹಾಜರಿಲ್ಲದವನು.

ಈ ಮೂರನೆಯವರ ಚಿಂತೆ ಇಂಗ್ಲಿಷರಿಂದ ಬಂದದ್ದಲ್ಲ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ನಮ್ಮ ಕಲಬುರಗಿ ಜಿಲ್ಲೆಯ ಮರತೂರು ಆತನ ಊರೆಂದು ಪ್ರಸಿದ್ಧವಾಗಿದೆ. ಬಂಗಾಳದಂಥ ಕೆಲವು ಸೀಮೆ ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಕ್ಕನ್ನು ಶತಮಾನಗಳ ಕಾಲ ನಿರ್ಧರಿಸಿದ್ದು ಈ ಗ್ರಂಥ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಸಿದ್ಧಾಂತವೇ ತಂದೆಯ ಕೈಗೆ ಮಿತಿ ಹಾಕಿತು. ಕುಟುಂಬಕ್ಕೆ ಆಪತ್ತು ಬಂದಾಗ, ಕುಟುಂಬದ ಪೋಷಣೆಗಾಗಿ, ತಪ್ಪಿಸಲಾಗದ ಧರ್ಮಕಾರ್ಯಕ್ಕಾಗಿ, ಮಕ್ಕಳು ಒಪ್ಪಿಗೆ ಕೊಡಲಾರದ ವಯಸ್ಸಿನವರಾಗಿದ್ದರೆ ಒಬ್ಬನೇ ಮಾರಬಹುದು, ಒತ್ತೆ ಇಡಬಹುದು; ಮಿಕ್ಕ ಸಂದರ್ಭಗಳಲ್ಲಿ ಎಲ್ಲರ ಒಪ್ಪಿಗೆ ಬೇಕು. ಇಂದಿಗೂ ಕೋರ್ಟುಗಳು ಕೇಳುವ ಕುಟುಂಬದ ಅಗತ್ಯ ಎಂಬ ಪರೀಕ್ಷೆ ಇಲ್ಲಿಯದೇ. 1856ರಲ್ಲಿ ಪ್ರಿವಿ ಕೌನ್ಸಿಲ್ ಹನುಮಾನ್ ಪರ್ಸಾದ್ ಪ್ರಕರಣದಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿತು. ಸಾಲ ಕೊಡುವವನು, ಅಂತೆಯೇ ಕೊಳ್ಳುವವನು, ಅಗತ್ಯ ನಿಜವಾಗಿಯೂ ಇದೆಯೇ ಎಂದು ಪ್ರಾಮಾಣಿಕವಾಗಿ ವಿಚಾರಿಸಿರಬೇಕು.

ಅದೇ ಮಿತಾಕ್ಷರೆಯಲ್ಲಿ ಭೂಮಿ ಕೈಬದಲಾಗುವ ಬಗೆಯ ವಿವರಣೆಯೊಂದಿದೆ. ಊರವರು, ಬಂಧುಗಳು, ನೆರೆಹೊಲದವರು, ದಾಯಾದಿಗಳು ಒಪ್ಪಬೇಕು. ಹೊನ್ನು ಮತ್ತು ನೀರನ್ನು ಧಾರೆಯೆರೆದು ಕೊಡಬೇಕು, ಹೀಗೆ ಆರು ಅಂಗಗಳಿಂದ ಭೂಮಿ ಸಲ್ಲುತ್ತದೆ ಎಂಬ ಹಳೆಯ ವಚನವನ್ನು ಎತ್ತಿಕೊಂಡು ವಿಜ್ಞಾನೇಶ್ವರ ಒಂದೊಂದಕ್ಕೂ ಕಾರಣ ಕೊಡುತ್ತಾನೆ. ಅವನ ಬುದ್ಧಿಯ ಹರಿತ ಇಲ್ಲಿ ಗೊತ್ತಾಗುತ್ತದೆ. ಊರವರ ಒಪ್ಪಿಗೆ ವ್ಯವಹಾರ ಬಯಲಾಗಿ ನಡೆಯಲೆಂದು, ಅದಿಲ್ಲದೆ ಮಾರಾಟವೇ ಕೆಟ್ಟುಹೋಗುತ್ತದೆ ಎಂದಲ್ಲ. ನೆರೆಹೊಲದವರ ಒಪ್ಪಿಗೆ ಮುಂದೆ ಬದುವಿನ ಜಗಳ ಬಾರದಿರಲೆಂದು. ಅವಿಭಕ್ತ ದಾಯಾದಿಗಳ ಒಪ್ಪಿಗೆ ಮಾತ್ರ ಕಡ್ಡಾಯ, ಏಕೆಂದರೆ ಆಸ್ತಿ ಅವರದೂ ಹೌದು. ವಿಭಾಗವಾದವರ ಒಪ್ಪಿಗೆ ಕೇಳುವುದು ಇವರು ಬೇರೆಯಾಗಿದ್ದಾರೋ ಇಲ್ಲವೋ ಎಂಬ ಅನುಮಾನ ಮುಂದೆ ಏಳದಿರಲೆಂದು. ಅಂದರೆ ಯಾರ ಒಪ್ಪಿಗೆಯಿಂದ ಹಕ್ಕು ಸಾಗುತ್ತದೆ, ಯಾರಿಗೆ ಬರೀ ತಿಳಿಸಿದರೆ ಸಾಕು ಎಂಬುದನ್ನು ಅವನು ಬೇರೆಬೇರೆ ಮಾಡಿದ. ಹಾಗೆ ಮಾಡಿಯೂ ತಿಳಿಸುವುದನ್ನು ಕೈಬಿಡಲಿಲ್ಲ, ಅದಕ್ಕೆ ಪತ್ರಕ್ಕಿಂತ ಮೊದಲಿನ ಜಾಗ ಕೊಟ್ಟ. ಆ ವ್ಯವಸ್ಥೆಯನ್ನು ನಾನು ಹಾಡಿ ಹೊಗಳುತ್ತಿಲ್ಲ. ಅದರಲ್ಲಿ ಮಗಳಿಗೆ ಮಗನ ಸಮಾನ ಪಾಲಿರಲಿಲ್ಲ, ಹೊಲ ದುಡಿದ ದಲಿತನಿಗೆ ಹೊಲವೇ ಇರಲಿಲ್ಲ. ಆದರೆ ಹಸ್ತಾಂತರವು ಇಬ್ಬರ ಗುಟ್ಟಿನ ವ್ಯವಹಾರವಾಗಕೂಡದು ಎಂಬ ಅದರ ತಿಳಿವಳಿಕೆ ಇಂದಿಗೂ ಬೇಕಾದದ್ದು.

ಈಗ ಹತ್ತಿರದ ಕಾಲಕ್ಕೆ ಇಳಿದು ಬರೋಣ. ಭೂಮಿಯನ್ನು ಯಾವ ತಡೆಯೂ ಇಲ್ಲದೆ ಮಾರುವ ಸರಕಾಗಿ ಮಾಡಿದಾಗ ಏನಾಯಿತು ಎಂಬುದಕ್ಕೆ ನಮ್ಮ ಭೀಮೆಯ ಮೇಲಣ ಕಣಿವೆಯೇ ಸಾಕ್ಷಿ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮೇಲೆ ಎದ್ದರು. ಇತಿಹಾಸದಲ್ಲಿ ದಖ್ಖನ್ ದಂಗೆ ಎಂದು ಹೆಸರಾದ ಆ ಘಟನೆಯಲ್ಲಿ ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ಓದು ಬರಹ ಬಾರದವನ ಹೆಬ್ಬೆಟ್ಟಿನ ಮೇಲೆ ನಿಂತ ಕಾಗದವೇ ಅವನ ಹೊಲವನ್ನು ನುಂಗುತ್ತಿತ್ತು. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮುಂದೆ ಅದಕ್ಕೆ ಸೇರಿಸಿದ ಒಂದು ಕಲಂ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು: ಕಾಗದದಲ್ಲಿ ಖರೀದಿ ಎಂದಿದ್ದರೂ ನಿಜದಲ್ಲಿ ಅದು ಸಾಲಕ್ಕೆ ಇಟ್ಟ ಒತ್ತೆಯೇ ಎಂದು ಬಾಯಿಸಾಕ್ಷಿಯಿಂದ ನಿರ್ಣಯಿಸುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಕೆಳಗಿನ ನಮ್ಮ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿಯೂ ಸಾಹುಕಾರನ ಕೈಗೆ ಭೂಮಿ ಸರಿದು ಹೋಗುತ್ತಿದ್ದುದನ್ನು ಹೈದರಾಬಾದ್ ಸರ್ಕಾರ ಗಮನಿಸಿತು. 1929–30ರಲ್ಲಿ ಕೇಶವ ಅಯ್ಯಂಗಾರರು ನಡೆಸಿದ ಆರ್ಥಿಕ ಸಮೀಕ್ಷೆಗಳು ಹಳ್ಳಿಗಳ ಸಾಲದ ಹೊರೆಯನ್ನು ದಾಖಲಿಸಿದವು. 1349 ಫಸಲಿಯಲ್ಲಿ, ಎಂದರೆ 1940ರ ಸುಮಾರಿಗೆ, ಕೃಷಿಭೂಮಿ ಪರಭಾರೆಯನ್ನು ತಡೆಯುವ ಕಾನೂನು ಬಂತು. 1949ರಲ್ಲಿ ಜಾಗೀರುಗಳು ರದ್ದಾದವು. 1950ರ ಹೈದರಾಬಾದ್ ಗೇಣಿ ಮತ್ತು ಕೃಷಿಭೂಮಿ ಕಾಯ್ದೆ ರಕ್ಷಿತ ಗೇಣಿದಾರರನ್ನು ಗುರುತಿಸಿತು, ಕೃಷಿಭೂಮಿಯ ಶಾಶ್ವತ ಪರಭಾರೆಗೆ ಕಂದಾಯ ಅಧಿಕಾರಿಯ ಪೂರ್ವಾನುಮತಿ ಬೇಕೆಂದಿತು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯಿಂದ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು, ಉಳುವವರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆದರು. ಹಾಗೆ ಪಡೆದ ಜಮೀನನ್ನು ಹದಿನೈದು ವರ್ಷ ಮಾರಕೂಡದು ಎಂದು 61ನೇ ಕಲಂ ಹೇಳಿತು, ಮನೆಯೊಳಗಿನ ವಾಟ್ನಿಗೆ ಮತ್ತು ಬ್ಯಾಂಕು, ಸಹಕಾರ ಸಂಘಗಳ ಸಾಲದ ಒತ್ತೆಗೆ ವಿನಾಯಿತಿ ಕೊಟ್ಟಿತು. ಇದರ ವಿವೇಕವನ್ನು ಗಮನಿಸಿ. ಹಕ್ಕು ಬಂದ ಮರುದಿನವೇ ಹಳೆಯ ಒಡೆಯ ಅಥವಾ ಹೊಸ ಸಾಹುಕಾರ ಅದನ್ನು ಕಿತ್ತುಕೊಳ್ಳದಂತೆ ತಡೆ, ಆದರೆ ಬೀಜ ಗೊಬ್ಬರಕ್ಕೆ ಸಾಲ ಸಿಗದೆ ಒದ್ದಾಡದಂತೆ ದಾರಿ. ನಂತರ 1978ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಹಸ್ತಾಂತರ ನಿಷೇಧ ಕಾಯ್ದೆ ಬಂತು, ಜನರ ಬಾಯಲ್ಲಿ ಅದು ಪಿಟಿಸಿಎಲ್. ಸರ್ಕಾರ ಮಂಜೂರು ಮಾಡಿದ ಜಮೀನು ಮಂಜೂರಾತಿಯ ಷರತ್ತು ಮುರಿದು ಪರಭಾರೆಯಾಗಿದ್ದರೆ ಅದು ಶೂನ್ಯ. ಸಹಾಯಕ ಆಯುಕ್ತರು ಅದನ್ನು ವಶಕ್ಕೆ ಪಡೆದು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಿಸಬೇಕು. ಇನ್ನು ಮುಂದಿನ ಮಾರಾಟಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಷರತ್ತು ಮುರಿದು ಕೊಂಡವನಿಗೆ ಬಂದದ್ದು ಮೊದಲಿನಿಂದಲೂ ರದ್ದಾಗಬಲ್ಲ ಹಕ್ಕು, ಆದ್ದರಿಂದ ಅದನ್ನು ತೆಗೆದುಕೊಂಡರೆ ಅನ್ಯಾಯವಿಲ್ಲ ಎಂಬುದು ಅದರ ತರ್ಕ.

ಇಲ್ಲಿಯವರೆಗಿನ ಇತಿಹಾಸದಿಂದ ಒಂದು ಮಾತು ನಿಶ್ಚಿತ. ಈ ಮಿತಿಗಳು ಯಾರದೋ ಹಟದಿಂದ ಬಂದವಲ್ಲ. ಸುಪೆಯ ಬೆಂಕಿ, ಗೇಣಿದಾರನ ಒಕ್ಕಲೆಬ್ಬಿಸುವಿಕೆ, ಮಂಜೂರಾದ ಎರಡೆಕರೆಯನ್ನು ಮದುವೆಯ ಸಾಲಕ್ಕೆ ಬರೆದುಕೊಟ್ಟ ದಲಿತ ಕುಟುಂಬ, ಇವು ಅವುಗಳ ಹಿಂದಿವೆ. ಹಾಗಿದ್ದರೆ ಅವು ಏಕೆ ಕಾಯುವುದರಲ್ಲಿ ಸೋಲುತ್ತವೆ? ಉತ್ತರ ಪಿಟಿಸಿಎಲ್ ಕಾಯ್ದೆಯ ಒಳಗೇ ಇದೆ. ಅದರ 6ನೇ ಕಲಮಿನ ಪ್ರಕಾರ ಮಂಜೂರಾತಿ ಜಮೀನುಗಳ ಪಟ್ಟಿ ನೋಂದಣಿ ಅಧಿಕಾರಿಯ ಬಳಿ ಇರಬೇಕು, ಆ ಪಟ್ಟಿಯಲ್ಲಿರುವ ಜಮೀನಿನ ಅಕ್ರಮ ಹಸ್ತಾಂತರ ಪತ್ರವನ್ನು ಅವರು ನೋಂದಾಯಿಸಕೂಡದು. ಕಾಯ್ದೆ ಬರೆದವರಿಗೆ ತಡೆಯ ಸರಿಯಾದ ಜಾಗ ಯಾವುದೆಂದು ಗೊತ್ತಿತ್ತು: ಸಬ್ ರಜಿಸ್ಟ್ರಾರರ ಮೇಜು. ಪಟ್ಟಿ ಪೂರ್ಣವಾಗಿದ್ದು, ಮೇಜಿನ ಮೇಲಿದ್ದು, ಅದನ್ನು ಪ್ರತಿ ಸಲವೂ ನೋಡಿದ್ದರೆ ದಶಕಗಳ ನಂತರದ ಪ್ರಕರಣಗಳು ಹುಟ್ಟುತ್ತಲೇ ಇರಲಿಲ್ಲ. ಹುಟ್ಟಿದ್ದರಿಂದಲೇ 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸುಮಾರು ಕಾಲು ಶತಮಾನ ತಡವಾಗಿ ಬಂದ ಅರ್ಜಿಯನ್ನು ಒಪ್ಪಲಿಲ್ಲ. ಸೂಕ್ತ ಅವಧಿಯೊಳಗೆ ಬರಬೇಕು ಎಂದಿತು. ಆ ತೀರ್ಪಿನ ನಂತರ ಅನೇಕ ದಲಿತ ಕುಟುಂಬಗಳ ಅರ್ಜಿಗಳು ಬಿದ್ದುಹೋದವು, ಹೋರಾಟ ನಡೆಯಿತು, 2023ರಲ್ಲಿ ರಾಜ್ಯ ಸರ್ಕಾರ ಕಾಲಮಿತಿ ಅನ್ವಯವಾಗದಂತೆ ಕಾಯ್ದೆಗೆ ತಿದ್ದುಪಡಿ ತಂದಿತು. ಕೋರ್ಟು ಒಂದು ಕಡೆಯ ನೋವನ್ನು ನೋಡಿತು, ಶಾಸನಸಭೆ ಇನ್ನೊಂದು ಕಡೆಯದನ್ನು. ಎರಡೂ ನೋವು ನಿಜ. ಎರಡಕ್ಕೂ ಮೂಲ ಒಂದೇ: ಬೇಡವೆನ್ನಬೇಕಾದ ದಿನ ಯಾರೂ ಬೇಡವೆನ್ನಲಿಲ್ಲ.

ಮನೆಯೊಳಗಿನ ಹಸ್ತಾಂತರದ ಕಥೆಯೂ ಹೀಗೇ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆಯಿತು. 2020ರ ವಿನೀತಾ ಶರ್ಮಾ ತೀರ್ಪು ಈ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸಂಶಯ ಪರಿಹರಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ನಡೆದ ಮಾರಾಟ, ವಿಭಾಗಗಳನ್ನು ಮಾತ್ರ ಕಾನೂನು ಕದಲಿಸಲಿಲ್ಲ. ಇಷ್ಟಾದರೂ ಹಳ್ಳಿಯಲ್ಲಿ ನಡೆಯುವುದೇನು? ತಂದೆ ತೀರಿಕೊಂಡ ಮೇಲೆ ವಂಶವೃಕ್ಷ ಬರೆಸುವಾಗ ಮಗಳ ಹೆಸರು ಬಿಟ್ಟುಹೋಗುತ್ತದೆ, ಇಲ್ಲವೆ ಆಕೆಯನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಅರಿಶಿನ ಕುಂಕುಮದ ಹೆಸರಿನಲ್ಲಿ ಒಂದು ಸೀರೆ, ಒಂದಿಷ್ಟು ಹಣ. ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆಯಲ್ಲಿ ಆಕೆ ಬರೆದುಕೊಡುತ್ತಾಳೆ. ಕೆಲವೊಮ್ಮೆ ತಂದೆ ಬದುಕಿರುವಾಗಲೇ, ಅವನ ಸ್ವಯಾರ್ಜಿತ ಹೊಲದ ಬಗ್ಗೆಯೂ ಇಂಥ ಪತ್ರ ಬರೆಸುತ್ತಾರೆ. ಅದು ಬರೀ ನಿರೀಕ್ಷೆಯ ಹಕ್ಕು, ಬಿಟ್ಟುಕೊಡಲು ಅಲ್ಲಿ ಇನ್ನೂ ಏನೂ ಇಲ್ಲ ಎಂದು ಆಸ್ತಿ ಹಸ್ತಾಂತರ ಕಾಯ್ದೆಯ 6ನೇ ಕಲಂ ಹೇಳುವುದನ್ನು ಆ ಹೊತ್ತಿನಲ್ಲಿ ಆಕೆಗೆ ಯಾರೂ ತಿಳಿಸುವುದಿಲ್ಲ. ಅಪ್ರಾಪ್ತ ಮಕ್ಕಳ ಪ್ರತ್ಯೇಕ ಆಸ್ತಿಯನ್ನು ಜಿಲ್ಲಾ ನ್ಯಾಯಾಲಯದ ಅನುಮತಿ ಇಲ್ಲದೆ ತಾಯಿ ತಂದೆಯೂ ಮಾರಕೂಡದು ಎಂದು 1956ರ ಹಿಂದೂ ಪಾಲಕತ್ವ ಕಾಯ್ದೆ ಹೇಳುತ್ತದೆ. ಮಾರಿದರೆ ಮಗು ದೊಡ್ಡದಾದ ಮೇಲೆ ರದ್ದು ಮಾಡಿಸಬಹುದು. ಮುಸ್ಲಿಂ ಕಾನೂನಿನಲ್ಲಿಯೂ ಮೃತ್ಯುಪತ್ರದ ಮೂಲಕ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆ ಇಲ್ಲದೆ ಕೊಡಲಾಗದು. ಎಲ್ಲ ಪರಂಪರೆಗಳೂ ಗೈರುಹಾಜರಾದವರನ್ನು ನೆನೆದಿವೆ. ನಮ್ಮ ಕಚೇರಿಯ ಕ್ರಮ ಮಾತ್ರ ಹಾಜರಾದವರ ಹೆಬ್ಬೆಟ್ಟಿಗೆ ನಿಂತುಬಿಟ್ಟಿದೆ.

ಕಚೇರಿಯ ಕಾಗದವನ್ನೇ ಕೈಗೆತ್ತಿಕೊಂಡು ನೋಡೋಣ. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರನ ಹೆಸರು, 10ರಲ್ಲಿ ಅದು ಹೇಗೆ ಬಂತು ಎಂಬ ಮುಟೇಶನ್ ಉಲ್ಲೇಖ, 11ರಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ. ರೈತ ಬ್ಯಾಂಕಿನಿಂದ ಬೆಳೆಸಾಲ ತೆಗೆದುಕೊಂಡರೆ 1974ರ ಕೃಷಿ ಸಾಲ ಕಾಯ್ದೆಯಂತೆ ಅವನ ಘೋಷಣೆ ದಾಖಲಾಗಿ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು, ಸಾಲದ ಮೊತ್ತ ಬರುತ್ತದೆ. ಕೊಳ್ಳಲು ಬಂದವನು ಅದನ್ನು ನೋಡಿ ಮೊದಲು ಸಾಲ ತೀರಿಸು ಎನ್ನುತ್ತಾನೆ. ಬ್ಯಾಂಕು ಕೋರ್ಟಿಗೆ ಹೋಗುವ ಮಾತೇ ಇಲ್ಲ, ಅದರ ಹಕ್ಕು ಆ ಒಂದು ಸಾಲಿನಿಂದಲೇ ಉಳಿಯುತ್ತದೆ. ಇದು ಮಿತಿ ಮೊದಲೇ ಕಾಣುವಂತೆ ಮಾಡುವ ವಿಧಾನ, ಮತ್ತು ಇದು ನಡೆಯುತ್ತದೆ ಎಂಬುದಕ್ಕೆ ಪ್ರತಿ ಹಳ್ಳಿಯ ಪಹಣಿಯೇ ಪುರಾವೆ. ಹಾಗಾದರೆ ನನ್ನ ಪ್ರಶ್ನೆ ಇದು: ಬ್ಯಾಂಕಿನ ಕೆಲವು ಸಾವಿರ ರೂಪಾಯಿಗೆ ಸಿಗುವ ಜಾಗ ಮಗಳ ಪಾಲಿಗೆ ಏಕಿಲ್ಲ, ಮಂಜೂರಾತಿಯ ಷರತ್ತಿಗೆ ಎಲ್ಲ ಸರ್ವೆ ನಂಬರುಗಳಲ್ಲೂ ಅದೇ ಶಿಸ್ತಿನಿಂದ ಏಕೆ ಸಿಗಬಾರದು? ನಮ್ಮ ಸೀಮೆಯ ಹಳೆಯ ದಾಖಲೆ, 1954–55ರ ಖಾಸರಾ ಪಹಣಿ, ಸೇತವಾರಗಳು, ಉರ್ದುವಿನಲ್ಲಿ ಬರೆದ ಮಂಜೂರಾತಿಗಳು, ಇವನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅವುಗಳಲ್ಲಿರುವ ಷರತ್ತುಗಳು ಇಂದಿನ ಗಣಕೀಕೃತ ಪಹಣಿಗೆ ಇಳಿಯದಿದ್ದರೆ ಅವು ಕಾನೂನಿನಲ್ಲಿ ಬದುಕಿದ್ದೂ ವ್ಯವಹಾರದಲ್ಲಿ ಸತ್ತಂತೆ.

ಈ ವಾದಕ್ಕೆ ಬರುವ ಆಕ್ಷೇಪಗಳನ್ನು ಈಗ ಎದುರಿಸಬೇಕು. ಮೊದಲನೆಯದು: ಸಬ್ ರಜಿಸ್ಟ್ರಾರರು ಒಡೆತನದ ನ್ಯಾಯಾಧೀಶರಲ್ಲ. ಇದು ನಿಜ. 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನಲ್ಲ. ಬರೆದುಕೊಡುವವನು ತನ್ನ ಒಡೆತನದ ದಾಖಲೆ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದೆಂಬ ತಮಿಳುನಾಡಿನ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಮುಟೇಶನ್ ಆದರೂ ಒಡೆತನ ಸಿದ್ಧವಾಗುವುದಿಲ್ಲ, ಅದು ಕಂದಾಯದ ದಾಖಲೆ ಎಂದು ಅದೇ ಕೋರ್ಟು ಮತ್ತೆ ಮತ್ತೆ ಹೇಳಿದೆ. ಆದರೆ ನಾನು ಕೇಳುತ್ತಿರುವುದು ತೀರ್ಪನ್ನಲ್ಲ. ವಿಜ್ಞಾನೇಶ್ವರನ ವಿವೇಕವನ್ನೇ ಅನುಸರಿಸಿ ಹೇಳುವುದಾದರೆ, ಒಪ್ಪಿಗೆ ಬೇರೆ, ತಿಳಿಸುವುದು ಬೇರೆ. ಒಡೆತನದ ತಕರಾರನ್ನು ಸಿವಿಲ್ ಕೋರ್ಟೇ ತೀರ್ಮಾನಿಸಲಿ. ಈ ಸರ್ವೆ ನಂಬರು ಮಂಜೂರಾತಿಯದು, ಈ ಖಾತೆದಾರನಿಗೆ ನಾಲ್ಕು ಜನ ಮಕ್ಕಳಿದ್ದಾರೆ, ಈ ಹೊಲದ ಮೇಲೆ ದಾವೆ ಇದೆ ಎಂಬ ಸಂಗತಿಗಳನ್ನು ಕೊಳ್ಳುವವನ ಮುಂದೆ ಇಡುವುದಕ್ಕೆ ತೀರ್ಪಿನ ಅಧಿಕಾರ ಬೇಕಿಲ್ಲ. ಪಹಣಿಯ ‘ಭೂಮಿ’ ಮತ್ತು ನೋಂದಣಿಯ ‘ಕಾವೇರಿ’ ತಂತ್ರಾಂಶಗಳು ಪರಸ್ಪರ ಕೂಡಿಕೊಂಡಿರುವ ಈ ಕಾಲದಲ್ಲಿ ಮಾಹಿತಿ ಸಾಗಿಸುವುದು ಕಷ್ಟವೂ ಅಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಿಂದ ಟಾರೆನ್ಸ್ ಪದ್ಧತಿ ಇದೆ, ಅಲ್ಲಿ ನೋಂದಣಿಯೇ ಒಡೆತನ, ತಪ್ಪಿನಿಂದ ನಷ್ಟವಾದವರಿಗೆ ಪರಿಹಾರ ನಿಧಿಯ ಏರ್ಪಾಡೂ ಉಂಟು. ಅಷ್ಟು ದೂರ ನಾವು ಹೋಗಬೇಕೋ ಬೇಡವೋ ಬೇರೆ ಚರ್ಚೆ. ತಿಳಿಸುವ ಹೊಣೆಯನ್ನಂತೂ ಹೊರಲೇಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಮಾರುವ ಹಕ್ಕೇ ಇಲ್ಲದವನು ಅರ್ಧ ಮಾಲೀಕ, ಮಗಳ ಮದುವೆಗೆ, ಆಸ್ಪತ್ರೆಗೆ, ಅವನು ಎಲ್ಲಿಗೆ ಹೋಗಬೇಕು? ದಲಿತ ರೈತನಿಗೆ ತನ್ನ ಒಳಿತು ತಿಳಿಯದೆಂದು ಸರ್ಕಾರ ತೀರ್ಮಾನಿಸುವುದು ಅವಮಾನವಲ್ಲವೇ? ಈ ಮಾತಿನಲ್ಲಿರುವ ಸ್ವಾಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಪಿಟಿಸಿಎಲ್ ಕಾಯ್ದೆ ಮಾರಾಟವನ್ನು ಸಂಪೂರ್ಣ ನಿಷೇಧಿಸಿಲ್ಲ, ಪೂರ್ವಾನುಮತಿಯ ದಾರಿ ಇಟ್ಟಿದೆ. ಕಷ್ಟಕಾಲದ ಮಾರಾಟದಲ್ಲಿ ಸ್ವಾತಂತ್ರ್ಯ ಇರುವುದು ಎಷ್ಟು ಎಂಬುದನ್ನೂ ಯೋಚಿಸಬೇಕು. ತುರ್ತಿನಲ್ಲಿರುವವನು ಬೆಲೆ ಕಟ್ಟುವುದಿಲ್ಲ, ಕೊಳ್ಳುವವನು ಕಟ್ಟುತ್ತಾನೆ. ಸಾಲಕ್ಕೆ ಭದ್ರತೆಯೆಂದು ಪೂರ್ಣ ಖರೀದಿ ಪತ್ರ ಬರೆಸಿಕೊಂಡು, ಹಣ ಕೊಟ್ಟಾಗ ತಿರುಗಿ ಬರೆದುಕೊಡುತ್ತೇನೆಂದು ಬಾಯಿಮಾತು ಹೇಳುವ ರೂಢಿ ನಿಂತಿಲ್ಲ. ತಿರುಗಿ ಕೊಡುವ ಷರತ್ತು ಅದೇ ಪತ್ರದಲ್ಲಿ ಇಲ್ಲದಿದ್ದರೆ ಅದು ಷರತ್ತಿನ ಖರೀದಿಯ ಅಡಮಾನವಾಗುವುದಿಲ್ಲ ಎಂದು ಆಸ್ತಿ ಹಸ್ತಾಂತರ ಕಾಯ್ದೆಯ 58ನೇ ಕಲಂ ಹೇಳುತ್ತದೆ. ಬಾಯಿಮಾತನ್ನು ನಂಬಿದವನ ಹೊಲ ಹೋದದ್ದೇ. ಆದ್ದರಿಂದ ಸರಿಯಾದ ಬೇಡಿಕೆ ಮಿತಿ ತೆಗೆಯಿರಿ ಎಂಬುದಲ್ಲ, ಅನುಮತಿಯ ಅರ್ಜಿಗೆ ದಿನಗಳ ಗಡುವು ಹಾಕಿ, ಒತ್ತೆಯ ಮೇಲೆ ಸುಲಭ ಸಾಲ ಕೊಡಿ ಎಂಬುದು. ಅನುಮತಿಗಾಗಿ ವರ್ಷಗಟ್ಟಲೆ ಕಾಯಿಸುವ ಕಚೇರಿಯೇ ಜನರನ್ನು ಬಾಂಡ್ ಪೇಪರಿನ ಕಡೆಗೆ ತಳ್ಳುತ್ತದೆ.

ಮೂರನೆಯದು ಕೊಂಡವನ ಆಕ್ಷೇಪ. ಅವನೂ ಎಷ್ಟೋ ಸಲ ಸಣ್ಣ ರೈತನೇ. ಮುಂಬೈಗೋ ಪುಣೆಗೋ ಗುಳೆ ಹೋಗಿ ದುಡಿದು ತಂದ ಹಣದಲ್ಲಿ ಎರಡೆಕರೆ ಕೊಂಡಿರುತ್ತಾನೆ, ಬಾವಿ ತೋಡಿರುತ್ತಾನೆ. ಸರ್ಕಾರವೇ ನೋಂದಾಯಿಸಿದ ಪತ್ರವನ್ನು ಸರ್ಕಾರವೇ ಶೂನ್ಯ ಎಂದರೆ ಅವನು ಯಾರನ್ನು ನಂಬಬೇಕು? ಕಾನೂನು ಅವನನ್ನು ಪೂರ್ತಿ ಕೈಬಿಟ್ಟಿಲ್ಲ. ನಿಜವಾದ ಮಾಲೀಕನ ಸಮ್ಮತಿಯಿಂದ ಮಾಲೀಕನಂತೆ ತೋರಿಕೊಂಡವನಿಂದ, ಎಚ್ಚರದಿಂದ ವಿಚಾರಿಸಿ ಕೊಂಡವನಿಗೆ ಆಸ್ತಿ ಹಸ್ತಾಂತರ ಕಾಯ್ದೆಯ 41ನೇ ಕಲಂ ರಕ್ಷಣೆ ಕೊಡುತ್ತದೆ. ತನ್ನದೇ ಎಂದು ಪ್ರಾಮಾಣಿಕವಾಗಿ ನಂಬಿ ಸುಧಾರಣೆ ಮಾಡಿದವನಿಗೆ ಅದರ ಬೆಲೆ ಕೇಳುವ ಹಕ್ಕನ್ನು 51ನೇ ಕಲಂ ಕೊಡುತ್ತದೆ. ಆದರೆ ಮಂಜೂರಾತಿ ಜಮೀನಿನ ವಿಷಯದಲ್ಲಿ ಇವು ಅವನಿಗೆ ಅಷ್ಟಾಗಿ ನೆರವಾಗವು. ಇಲ್ಲಿ ನನ್ನ ನಿಲುವು ಸ್ಪಷ್ಟ. ಭೂಮಿ ಮೂಲ ಮಂಜೂರುದಾರನಿಗೆ ಮರಳಬೇಕು, ಏಕೆಂದರೆ ಅದನ್ನು ಅವನ ಕುಟುಂಬಕ್ಕೆ ಕೊಟ್ಟ ಉದ್ದೇಶ ಇನ್ನೂ ತೀರಿಲ್ಲ. ಆದರೆ ಪಟ್ಟಿ ಇಡಬೇಕಾದವರು ಇಡದೆ, ನಿರಾಕರಿಸಬೇಕಾದವರು ನಿರಾಕರಿಸದೆ ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕ ವಸೂಲು ಮಾಡಿದ್ದರೆ, ಮೋಸವಿಲ್ಲದೆ ಕೊಂಡ ಸಣ್ಣ ರೈತನ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ಒಬ್ಬ ಬಡವನ ಹಕ್ಕನ್ನು ಇನ್ನೊಬ್ಬ ಬಡವನ ಬೆನ್ನಿನ ಮೇಲೆ ನಿಲ್ಲಿಸಕೂಡದು. ಹಾಗೆ ತೆರಬೇಕಾಗುತ್ತದೆ ಎಂಬ ಹೊಣೆ ಬಿದ್ದ ದಿನವೇ ಪಟ್ಟಿಗಳು ತಾವಾಗಿ ಸರಿಹೋಗುತ್ತವೆ.

ಕೊನೆಯ ಆಕ್ಷೇಪ, ಕಾಲ ಬದಲಾಗಿದೆ ಎಂಬುದು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಸರ್ಕಾರ ಮಾಡಿತು. ಉಳಿದ ಮಿತಿಗಳೂ ಹೀಗೇ ಹೋಗಲಿ ಎನ್ನುವವರಿದ್ದಾರೆ. ಇಲ್ಲಿ ಎರಡು ಬಗೆಯ ಮಿತಿಗಳನ್ನು ಬೇರ್ಪಡಿಸಬೇಕು. ಯಾರು ಕೊಳ್ಳಬಹುದು ಎಂಬುದು ನೀತಿಯ ಪ್ರಶ್ನೆ, ಅದನ್ನು ಶಾಸನಸಭೆ ಬದಲಿಸಬಹುದು. 2020ರ ಬದಲಾವಣೆ ಸಣ್ಣ ಹಿಡುವಳಿಗಳ ಈ ಸೀಮೆಗೆ ಹಿತವಲ್ಲ ಎಂದು ನಾನು ತಿಳಿದಿದ್ದೇನೆ, ಆದರೂ ಅದು ಚರ್ಚೆಗೆ ತೆರೆದ ವಿಷಯ. ತನ್ನದಲ್ಲದ್ದನ್ನು ಯಾರೂ ಮಾರಕೂಡದು, ತಂಗಿಯ ಪಾಲನ್ನು ಅಣ್ಣ ಮಾರಕೂಡದು, ಮಗುವಿನ ಹೊಲವನ್ನು ಪಾಲಕ ಮಾರಕೂಡದು ಎಂಬುದು ಹಾಗಲ್ಲ, ಅದು ನ್ಯಾಯ. ಕೊಳ್ಳುವವರ ವರ್ತುಲ ದೊಡ್ಡದಾದಷ್ಟೂ ಈ ಎರಡನೆಯ ಬಗೆಯ ಮಿತಿ ಹೆಚ್ಚು ಬೇಕಾಗುತ್ತದೆ. ಊರಿನವನೇ ಕೊಂಡರೆ ಯಾರ ಮನೆಯಲ್ಲಿ ಎಷ್ಟು ಮಕ್ಕಳೆಂದು ಅವನಿಗೆ ಗೊತ್ತಿರುತ್ತದೆ, ದೂರದ ನಗರದಿಂದ ಬಂದವನು ನೋಡುವುದು ಪಹಣಿಯನ್ನು ಮಾತ್ರ. ಪಹಣಿ ಹೇಳದ್ದು ಅವನ ಪಾಲಿಗೆ ಇಲ್ಲವೇ ಇಲ್ಲ.

ಆದ್ದರಿಂದ ಆಗಬೇಕಾದ ಕೆಲಸಗಳು ದೊಡ್ಡ ಕಾನೂನಿನವಲ್ಲ. ತಾಲ್ಲೂಕಿನ ಪ್ರತಿ ಗ್ರಾಮದ ಮಂಜೂರಾತಿ ಜಮೀನುಗಳ ಪೂರ್ಣ ಪಟ್ಟಿಯನ್ನು ಹಳೆಯ ಉರ್ದು ದಾಖಲೆಗಳ ಸಮೇತ ಸಿದ್ಧಪಡಿಸಿ ನೋಂದಣಿ ಕಚೇರಿಗೆ ಕೊಡುವುದು, ಪಂಚಾಯಿತಿಯ ಗೋಡೆಗೂ ಹಚ್ಚುವುದು. ಪೌತಿ ಖಾತೆ ಮಾಡುವಾಗ ಹೆಣ್ಣುಮಕ್ಕಳ ಹೆಸರಿಲ್ಲದ ವಂಶವೃಕ್ಷವನ್ನು ಒಪ್ಪದಿರುವುದು. ಹಕ್ಕು ಬಿಡುಗಡೆ ಪತ್ರಕ್ಕೆ ಬಂದ ಮಗಳಿಗೆ, ಅಣ್ಣತಮ್ಮಂದಿರನ್ನು ಹೊರಗೆ ಕೂರಿಸಿ, ಆಕೆ ಬಿಡುತ್ತಿರುವುದು ಎಷ್ಟು ಎಕರೆ, ಎಷ್ಟು ಗುಂಟೆ, ಏನು ಬೆಲೆಯದು ಎಂದು ಓದಿ ಹೇಳುವುದು. ತಿಳಿದು ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ, ತಿಳಿಯದೆ ಬಿಟ್ಟರೆ ಅದು ನಮ್ಮ ಅಪರಾಧ. ಕಲಬುರಗಿಗೆ ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿಯಾಗಿ ಬಂತು, 2013ರಲ್ಲಿ ಕಾಯಂ ಆಯಿತು. ನ್ಯಾಯ ಬೆಂಗಳೂರಿನಿಂದ ನಮ್ಮ ಹತ್ತಿರಕ್ಕೆ ಬಂದದ್ದು ದೊಡ್ಡ ಲಾಭ. ಇನ್ನೂ ಹತ್ತಿರ ಬರಬೇಕಾದ ಜಾಗ ತಾಲ್ಲೂಕು ಕಚೇರಿಯ ಕಿಟಕಿ. ಇಸಾರು ಕೊಡುವ ಮೊದಲು ಕೊಳ್ಳುವವನು, ಸಹಿ ಹಾಕುವ ಮೊದಲು ಮಾರುವವನು, ಮುದ್ರೆ ಒತ್ತುವ ಮೊದಲು ಅಧಿಕಾರಿ, ಈ ಮೂವರೂ ಒಂದೇ ಪ್ರಶ್ನೆ ಕೇಳಲಿ: ಈ ಹೊಲದಲ್ಲಿ ಹಕ್ಕಿದ್ದೂ ಇಲ್ಲಿಗೆ ಬಾರದವರು ಯಾರಾದರೂ ಇದ್ದಾರೆಯೇ? ಇದ್ದರೆ ಅವರನ್ನು ಕರೆಸುವ ಕೆಲಸ ಅಂದೇ ಆಗಲಿ. ಒಂದು ದಿನ ತಡವಾದ ರಜಿಸ್ಟ್ರಿಯಿಂದ ಯಾರ ಮನೆಯೂ ಮುರಿಯುವುದಿಲ್ಲ, ಅವಸರದ ರಜಿಸ್ಟ್ರಿಯಿಂದ ಮುರಿದ ಮನೆಗಳ ಲೆಕ್ಕ ನಮ್ಮ ಕೋರ್ಟುಗಳ ಕಪಾಟುಗಳಲ್ಲಿದೆ.